ಮಾವ ಕಪಿಲೆಯಲ್ಲಿ ಬಿಟ್ಟದ್ದು

ತುಮಕೂರು ಜಿಲ್ಲೆಯಲ್ಲಿ ನಮ್ಮ ಮಾವನಷ್ಟು ದೊಡ್ಡ ತ್ಯಾಗಿ ಇನ್ನೊಬ್ಬರಿಲ್ಲ! ನಮ್ಮ ಕಡೆ ಮಠಗಳಿಗೂ ಕೊರತೆಯಿಲ್ಲ, ಸ್ವಾಮಿಗಳಿಗೂ ಕೊರತೆಯಿಲ್ಲ; ಅವರೆಲ್ಲರಿಗೂ ದೂರದಿಂದಲೇ ಒಂದು ನಮಸ್ಕಾರ ಹಾಕಿ ಈ ಮಾತು ಹೇಳುತ್ತಿದ್ದೇನೆ. ಅವರು ಮನೆ ಬಿಟ್ಟಿರಬಹುದು, ಸಂಸಾರ ಬಿಟ್ಟಿರಬಹುದು. ಹಾಗಲಕಾಯಿ ಬಿಟ್ಟಿದ್ದಾರೆಯೇ? ಉಪ್ಪಿಟ್ಟು ಬಿಟ್ಟಿದ್ದಾರೆಯೇ? ನಮ್ಮ ಮಾವ ಬಿಟ್ಟಿದ್ದಾರೆ. ಅದೂ ಸುಮ್ಮನೆ ಅಲ್ಲ, ಪುಣ್ಯನದಿಗಳಲ್ಲಿ ಮುಳುಗು ಹಾಕಿ, ಸೂರ್ಯನ ಸಾಕ್ಷಿಯಾಗಿ!

ಮಾವ ಎಂದರೆ ನನ್ನ ತಾಯಿಯ ಅಣ್ಣ. ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದವರು. ಈಗ ವ್ಯಾಪಾರವನ್ನು ಮಗನಿಗೆ ವಹಿಸಿ, ಮಗ ಮಾಡುವ ತಪ್ಪುಗಳನ್ನು ಹುಡುಕುವ ಫುಲ್‌ಟೈಮ್ ಕೆಲಸವನ್ನು ತಾವು ವಹಿಸಿಕೊಂಡಿದ್ದಾರೆ.

ಕಾಶಿಗೆ ಹೋದವರು ತಮಗೆ ತುಂಬ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು ಬರುತ್ತಾರಷ್ಟೆ. ಬದುಕಿರುವಷ್ಟು ದಿನ ಅದನ್ನು ಮತ್ತೆ ಬಾಯಿಗೆ ಹಾಕುವಂತಿಲ್ಲ. ನಮ್ಮಜ್ಜಿ ಹಾಗೆ ಹಲಸಿನ ಹಣ್ಣು ಬಿಟ್ಟು ಬಂದು, ಆಮೇಲೆ ನಾವು ತೊಳೆ ಬಿಡಿಸಿ ತಿನ್ನುವಾಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಮಾವ ಈ ಪದ್ಧತಿಗೆ ಎರಡು ತಿದ್ದುಪಡಿ ತಂದರು. ಒಂದು, ಕಾಶಿಯೇ ಆಗಬೇಕಿಲ್ಲ, ಯಾವ ಪುಣ್ಯನದಿಯಾದರೂ ನಡೆಯುತ್ತದೆ. ಎರಡು, ಇಷ್ಟವಾದದ್ದೇ ಆಗಬೇಕಿಲ್ಲ!

ಮಹಿಮೆ ಇರುವುದೆಲ್ಲ ಈ ಎರಡನೆಯ ತಿದ್ದುಪಡಿಯಲ್ಲೇ. ಧರ್ಮಸ್ಥಳಕ್ಕೆ ಹೋದಾಗ ನೇತ್ರಾವತಿಯಲ್ಲಿ ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಅವರು ಹಾಗಲಕಾಯಿ ತಿಂದದ್ದನ್ನು ಕಂಡವರಿಲ್ಲ. ಶೃಂಗೇರಿಗೆ ಹೋದಾಗ ತುಂಗೆಯಲ್ಲಿ ಉಪ್ಪಿಟ್ಟು ಬಿಟ್ಟರು. ತುಂಗೆಯ ಮೀನುಗಳು ಆಮೇಲೆ ಏನು ಅಂದುಕೊಂಡವೋ!

ಮಗನಿಗೆ ಹೆಣ್ಣು ನೋಡಲು ಕುಣಿಗಲ್‌ಗೆ ಹೋದಾಗ ಹೆಣ್ಣಿನ ಮನೆಯವರು ಬಿಸಿಬಿಸಿ ಉಪ್ಪಿಟ್ಟು ತಂದಿಟ್ಟರು. ಮಾವ ತಟ್ಟೆಯನ್ನು ಎರಡೇ ಬೆರಳಿನಿಂದ ಅತ್ತೆಯ ಕಡೆ ಸರಿಸಿ, ಕಣ್ಣು ಅರ್ಧ ಮುಚ್ಚಿ, "ತುಂಗೆಯಲ್ಲಿ ಬಿಟ್ಟುಬಿಟ್ಟಿದೀನಿ" ಎಂದರು. ಹೆಣ್ಣಿನ ಅಜ್ಜ ಎದ್ದು ನಿಂತು ಕೈ ಮುಗಿದರು. "ಇಂಥ ವಿರಕ್ತರ ಮನೆಗೆ ಕೊಡದೆ ಇನ್ಯಾರ ಮನೆಗೆ ಕೊಡೋದು?" ಎಂದರು; ಸಂಬಂಧ ಅಲ್ಲೇ ಗಟ್ಟಿಯಾಯಿತು. ಆ ಹೆಣ್ಣುಮಗಳು ಸೊಸೆಯಾಗಿ ಬಂದು, ವಿರಕ್ತರು ಒಬ್ಬಟ್ಟಿಗೆ ತುಪ್ಪ ಸುರಿದುಕೊಳ್ಳುವ ರೀತಿ ನೋಡಿ, ಈಗಲೂ ಆಗಾಗ ತನ್ನ ಅಜ್ಜನಿಗೆ ಫೋನು ಮಾಡಿ ವಿಚಾರಿಸಿಕೊಳ್ಳುತ್ತಾಳೆ.

ಇನ್ನು ಸಾಕ್ಷಾತ್ ಕಾಶಿಗೇ ಹೋದಾಗ ಏನು ಬಿಟ್ಟರು ಗೊತ್ತೆ? ಗೃಹಪ್ರವೇಶಕ್ಕೆ ಹೋದಾಗ "ಮನೆ ಚೆನ್ನಾಗಿದೆ" ಎಂದು ಹೇಳುವುದನ್ನು! ಅಂದಿನಿಂದ ಯಾರ ಗೃಹಪ್ರವೇಶವನ್ನೂ ತಪ್ಪಿಸದೆ ಹೋಗುತ್ತಾರೆ, ಮೊದಲ ಪಂಕ್ತಿಯಲ್ಲೇ ಕೂರುತ್ತಾರೆ, ಮನೆಯ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಾವೇ ಮನೆ ಕಟ್ಟಿಸಿದಾಗ ನಮ್ಮಮ್ಮ ಬೆಳಗ್ಗಿನಿಂದ ಅಣ್ಣನ ಬಾಯಿಂದ ಒಂದು ಮಾತು ಬೀಳಲೆಂದು ಅವರ ಹಿಂದೆಯೇ ಸುತ್ತಿದರು.

"ಅಣ್ಣ, ಅಡುಗೆಮನೆ ನೋಡ್ದಾ?"

"ನೋಡ್ದೆ."

"ಹೆಂಗೈತೆ?"

"ಪಾಯಸಕ್ಕೆ ಗೋಡಂಬಿ ಧಾರಾಳವಾಗಿ ಹಾಕ್ಸಿದೀಯ ಕಣಮ್ಮ."

ಅಮ್ಮ ಅಂದು ಮೂಲೆಯಲ್ಲಿ ಕೂತು ಅತ್ತರು. ನಾನು ಮಾವನ ದನಿಯಲ್ಲೇ ಗೋಡಂಬಿಯ ಮಾತು ಹೇಳಿ ತೋರಿಸಿ ಬೆನ್ನ ಮೇಲೆ ಒಂದು ಗುದ್ದು ತಿಂದೆ. ನನ್ನದು ಹುಟ್ಟುಗುಣ, ಯಾರನ್ನು ಕಂಡರೂ ಅವರ ದನಿ ನನ್ನ ಗಂಟಲಿಗೆ ಬಂದು ಕೂತುಬಿಡುತ್ತದೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಸ್ವಲ್ಪ ಟೈಮ್ ಕೊಡಿ, ಹುಡುಕಿ ಹೇಳುತ್ತೇನೆ.

ಮಾವನನ್ನು ಎಷ್ಟೇ ಗೇಲಿ ಮಾಡಿದರೂ ಒಂದು ಮಾತು ಒಪ್ಪಲೇಬೇಕು. ನದಿಯಲ್ಲಿ ಬಿಟ್ಟದ್ದನ್ನು ಅವರು ಮತ್ತೆ ಹಿಡಿದವರಲ್ಲ. ಒಮ್ಮೆ ಡೆಂಗ್ಯೂ ಬಂದು ತುಮಕೂರಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಬೆಳಿಗ್ಗೆ ನರ್ಸು ಉಪ್ಪಿಟ್ಟಿನ ತಟ್ಟೆ ತಂದಿಟ್ಟು, "ಇದು ತಿಂದ್ರೇನೇ ಮಾತ್ರೆ ಕೊಡೋದು" ಎಂದು ಗದರಿದರು. ಎದ್ದು ಕೂರಲೂ ಶಕ್ತಿಯಿಲ್ಲದ ಮನುಷ್ಯ, "ಆಮೇಲೆ ತುಂಗೆಗೆ ಏನಂತ ಉತ್ತರ ಕೊಡ್ಲಿ ತಾಯಿ?" ಎಂದು ಗೋಡೆಯ ಕಡೆ ಹೊರಳಿಕೊಂಡರು. ನಾನು ಓಡಿಹೋಗಿ ಇಡ್ಲಿ ತಂದ ಮೇಲೆಯೇ ಮಾತ್ರೆ ಒಳಗೆ ಹೋದದ್ದು.

ಬಿಡದಿದ್ದರೂ ನಡೆಯುತ್ತಿದ್ದುದನ್ನೆಲ್ಲ ಬಿಟ್ಟ ಮಾವ, ಬಿಡಲೇಬೇಕಾದ ಒಂದನ್ನು ಮಾತ್ರ ಬಿಡಲಿಲ್ಲ. ಅದು ಅವರ ಹಳೆಯ ಗೇರ್ ಸ್ಕೂಟರು.

ಕಣ್ಣಿನ ಡಾಕ್ಟರು ಯಂತ್ರದೊಳಗೆ ಅವರ ಗಲ್ಲ ಇಡಿಸಿ, ಲೈಟು ಬಿಟ್ಟು, ಎಲ್ಲ ನೋಡಿ ಹೇಳಿದರು: "ನೋಡಿ ಯಜಮಾನ್ರೇ, ಪಕ್ಕದಿಂದ ಬರೋದು ನಿಮಗೆ ಕಾಣ್ತಿಲ್ಲ. ಕೊಳವೆ ಒಳಗಿಂದ ನೋಡಿದ ಹಾಗೆ ಎದುರಿಗೆ ಇರೋದು ಮಾತ್ರ ಕಾಣುತ್ತೆ. ಡ್ರಾಪ್ಸ್ ಹಾಕ್ಕೊಂಡ್ರೆ ಇಷ್ಟಾದರೂ ಉಳಿಯುತ್ತೆ. ಹೋದದ್ದು ವಾಪಸ್ ಬರಲ್ಲ. ಗಾಡಿ ಮಾತ್ರ ಓಡಿಸ್ಬೇಡಿ."

"ಗಾಡಿ ಹೋಗೋದೂ ಎದುರಿಗೇ ಅಲ್ವೇನ್ರೀ ಡಾಕ್ಟ್ರೇ?" ಎಂದರು ಮಾವ.

ಡಾಕ್ಟರು ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದರು.

ಮುಂದಿನ ಗುಬ್ಬಿ ಸಂತೆಯ ದಿನ ಮಾವ ಮನೆಗೆ ಬಂದಾಗ ಸ್ಕೂಟರಿನ ಹ್ಯಾಂಡಲ್‌ಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಸಿಕ್ಕಿಕೊಂಡಿತ್ತು. "ಇದ್ಯಾರೇ ಇಟ್ಟೋರು?" ಎಂದು ಆಶ್ಚರ್ಯಪಟ್ಟರು. ಸೊಪ್ಪಿನವಳು ಬೈದುಕೊಂಡು ಹಿಂದೆಯೇ ಓಡಿ ಬರುತ್ತಿದ್ದಳು!

ಈ ಕಥೆಯನ್ನು ನಾನು ಊರೆಲ್ಲ ಅಭಿನಯಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ನಗು ನಿಂತದ್ದು ಆಮೇಲೆ. ಒಂದು ಸಂಜೆ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಅಡ್ಡರಸ್ತೆಯಿಂದ ದೊಡ್ಡರಸ್ತೆಗೆ ಬಂದಿದ್ದಾರೆ. ಬಲಗಡೆಯಿಂದ ಬಸ್ಸು ಬಂದಿದೆ. ಅಷ್ಟು ದೊಡ್ಡ ಬಸ್ಸು ಇವರ ಪಾಲಿಗೆ ಇರಲೇ ಇಲ್ಲ. ಬಸ್ಸು ಸ್ಕೂಟರಿನ ಕನ್ನಡಿಯನ್ನು ಮಾತ್ರ ಕಿತ್ತುಕೊಂಡು ಹೋಯಿತು. ಒಂದು ಗೇಣು ಈಚೆಗೆ ಬಂದಿದ್ದರೆ ಇಬ್ಬರನ್ನೂ. ಅತ್ತೆ ಬಿದ್ದು ಮೊಣಕೈ ತರಚಿ, ಮಂಡಿಗೆ ಪಟ್ಟಿ ಕಟ್ಟಿಸಿಕೊಂಡರು. ಮರುದಿನ ಮಾವ ಮಾಡಿದ ಕೆಲಸವೆಂದರೆ ಹೊಸ ಕನ್ನಡಿ ಹಾಕಿಸಿದ್ದು. ಮಗ ಬೈದು, ಬೇಡಿ, ಕೊನೆಗೆ ಒಂದು ಹೊಸ ಹೆಲ್ಮೆಟ್ ತಂದುಕೊಟ್ಟು ನನಗೆ ಫೋನು ಮಾಡಿದ. "ಕೀ ಬಚ್ಚಿಟ್ರೆ ಇನ್ನೊಂದು ಕೀ ಮಾಡಿಸ್ಕೊಂಡು ಬರ್ತಾರೆ ಕಣೋ. ಅಪ್ಪ ಒಂದಿನ ಅಮ್ಮನ್ನೂ ಕರ್ಕೊಂಡು ಹೋಗಿಬಿಡ್ತಾರೆ ಅಂತ ಭಯ ಆಗ್ತೈತೆ."

ಉಪಾಯ ಹೊಳೆದದ್ದು ನಮ್ಮಮ್ಮನಿಗೆ. "ನಿಮ್ಮ ಮಾವ ಡಾಕ್ಟ್ರ ಮಾತು ಕೇಳಲ್ಲ, ಮಗನ ಮಾತು ಕೇಳಲ್ಲ. ನದೀಲಿ ಬಿಟ್ಟಿದ್ದನ್ನ ಮಾತ್ರ ಮತ್ತೆ ಮುಟ್ಟಲ್ಲ. ನಂಜನಗೂಡಿಗೆ ಕರ್ಕೊಂಡು ಹೋಗಾನ. ಕಪಿಲೆಯಲ್ಲಿ ನಿಲ್ಲಿಸಿ ಸ್ಕೂಟರ್ ಬಿಡ್ಸಾನ!"

ಅಬ್ಬಾ, ನಮ್ಮಮ್ಮನೇ! ಅಣ್ಣನ ತಂಗಿಯೇ ಸರಿ! ನಂಜನಗೂಡನ್ನು ದಕ್ಷಿಣ ಕಾಶಿ ಎನ್ನುತ್ತಾರೆ. ಮಾವನಿಗೂ ಶ್ರೀಕಂಠೇಶ್ವರನ ದರ್ಶನ ಮಾಡಬೇಕೆಂದು ಬಹಳ ದಿನದಿಂದ ಆಸೆಯಿತ್ತು. ಅವರನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆತನಕ್ಕೆ ಪೂಜೆ ಮಾಡಿಸುವ ಅಯ್ನೋರ ದನಿ ತೆಗೆದು ಮಾವನಿಗೆ ಫೋನು ಮಾಡಿದೆ. "ಶರಣು ಯಜಮಾನ್ರೇ! ಈ ತಿಂಗಳು ಕಪಿಲಾ ಸ್ನಾನ ತಮಗೆ ಬಹಳ ಶ್ರೇಷ್ಠ..."

ಮಾವ ಎಲ್ಲ ಕೇಳಿಸಿಕೊಂಡು ಹೇಳಿದರು: "ಏನ್ಲಾ, ಅಯ್ನೋರನ್ನ ಮೊದ್ಲು ಇನ್ನೂ ಚೆನ್ನಾಗಿ ಮಾಡ್ತಿದ್ದೆ. ಈಗ ಮೂಗಲ್ಲಿ ಬರ್ತೈತೆ. ಸೋಮವಾರ ಬೆಳಿಗ್ಗೆ ಬೇಗ ಬಾ, ಹೋಗಾನ."

ಸೋಮವಾರ ಗುಬ್ಬಿಯಿಂದ ಹೊರಟೆವು. ಕಾರು ಓಡಿಸಲು ನಾನು, ನನ್ನ ಪಕ್ಕದಲ್ಲಿ ಮಾವ, ಹಿಂದೆ ಅಮ್ಮ ಮತ್ತು ಅತ್ತೆ. ಮಾವನ ಕಾಲಬುಡದಲ್ಲಿ ಸ್ವಂತ ತೋಟದ ತೆಂಗಿನಕಾಯಿಗಳ ಒಂದು ಚೀಲ, ತೊಡೆಯ ಮೇಲೆ ಇನ್ನೊಂದು ಚೀಲ. "ಇದ್ರಲ್ಲೇನು ಮಾವ?" ಎಂದರೆ "ಸ್ವಾಮಿ ಕಾರ್ಯ" ಎಂದು ಜಿಪ್ಪು ಎಳೆದರು.

ನೀವು ಯಾರಾದರೂ ನಮ್ಮ ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿದ್ದೀರಾ? ಬೇಡ, ನಿಮ್ಮ ಶತ್ರುವಿಗೂ ಬೇಡ. ನಾನು ಬ್ರೇಕು ಒತ್ತುವ ಮೊದಲೇ ಅವರು ತಮ್ಮ ಕಾಲಡಿಯ ಕಾಯಿಚೀಲ ಒತ್ತುತ್ತಾರೆ. ತಿರುವು ಬಂದರೆ ಸಾಕು, ಕಿಟಕಿಯಿಂದ ಇಡೀ ತೋಳು ಹೊರಗೆ ಚಾಚಿ ಸಿಗ್ನಲ್ ತೋರಿಸುತ್ತಾರೆ.

"ಮಾವ, ಕೈ ಒಳಗಿಡಿ. ಇಂಡಿಕೇಟರ್ ಐತೆ."

"ಇಂಡಿಕೇಟರ್ ನಂಬ್ಕೊಂಡು ಯಾರ್ಲಾ ಉದ್ಧಾರ ಆಗವ್ರೆ?"

ಹೆಬ್ಬೂರಿನಲ್ಲಿ ಆಗಬಾರದ್ದು ಆಯಿತು. ಮಾವನ ಕೈ ನೋಡಿ ತಮ್ಮನ್ನೇ ಕರೆಯುತ್ತಿದ್ದಾರೆಂದು ತಿಳಿದ ಹಿರಿಯರೊಬ್ಬರು ಹಾಲಿನ ಕ್ಯಾನನ್ನು ಅಲ್ಲೇ ಇಟ್ಟು ಕಾರಿನ ಹಿಂದೆ ಓಡಿ ಬಂದರು. "ನಿಲ್ಸೋ, ನಿಲ್ಸೋ, ಯಾರೋ ಪರಿಚಯದೋರು!" ಎಂದರು ಮಾವ. ನಿಲ್ಲಿಸಿದೆ. ಇಬ್ಬರೂ ಕೈ ಹಿಡಿದುಕೊಂಡು ಮಳೆ, ರಾಗಿ, ಹಾಲಿನ ಡೈರಿ, ಮೊಮ್ಮಕ್ಕಳು ಎಂದು ಎಲ್ಲವನ್ನೂ ಮಾತಾಡಿದರು. ಬಹಳ ಹೊತ್ತಾದ ಮೇಲೆ ಇಬ್ಬರಿಗೂ ಪರಿಚಯವೇ ಇಲ್ಲವೆಂದು ಗೊತ್ತಾಯಿತು. ಅಷ್ಟರಲ್ಲಿ ಅವರು ಯಾವುದೋ ಕಡೆಯಿಂದ ನಮಗೆ ನೆಂಟರಾಗಿಬಿಟ್ಟಿದ್ದರು!

ಕುಣಿಗಲ್ ಕೆರೆ ದಾಟಿದ ಮೇಲೆ ಅಮ್ಮ ಹಿಂದಿನಿಂದ ನನ್ನ ಸೀಟಿಗೆ ಮೊಣಕಾಲಿನಿಂದ ಗುದ್ದಿದರು. ಶುರು ಮಾಡು ಎಂದು ಅರ್ಥ. ನಾನು ಗಂಟಲು ಸರಿಮಾಡಿಕೊಂಡೆ.

"ಮಾವ, ಈ ಸಲ ನಾನೂ ಕಪಿಲೆಯಲ್ಲಿ ಒಂದು ಬಿಡಬೇಕು ಅಂತಿದೀನಿ. ಬೈಕ್‌ನಲ್ಲಿ ಜೋರಾಗಿ ಹೋಗೋದು ಬಿಟ್ಟುಬಿಡ್ತೀನಿ. ಜೀವಕ್ಕಿಂತ ಗಾಡಿ ದೊಡ್ಡದಾ?"

"ಬುಡು, ಒಳ್ಳೇದು. ನಿಂಗೆ ಓಡ್ಸೋಕೂ ಬರಲ್ಲ."

ಅಮ್ಮ ನೇರವಾಗಿಯೇ ಇಳಿದರು. "ಅಣ್ಣ, ಕಣ್ಣು ಮಂಜಾದ ಮೇಲೆ ಯಾವುದು ಬಿಟ್ರೆ ಒಳ್ಳೇದು ಅಂತ ನಿಂಗೇ ಗೊತ್ತಲ್ಲ? ದೇವರ ಮುಂದೆ ಮುಚ್ಚುಮರೆ ಯಾಕೆ?"

"ಗೊತ್ತು ಕಣಮ್ಮ. ಅದನ್ನೇ ಬಿಡೋಕೆ ಹೊಂಟಿದೀನಿ. ಬರೀ ಬಾಯಲ್ಲಿ ಬಿಡಲ್ಲ, ಎಲ್ಲರ ಎದುರಿಗೆ ಬಿಡ್ತೀನಿ, ನೋಡು."

ಅಮ್ಮನ ಕಣ್ಣಲ್ಲಿ ನೀರು ಬಂತು. ನಾನು ಕನ್ನಡಿಯಲ್ಲೇ ಅಮ್ಮನಿಗೆ ಹೆಬ್ಬೆರಳು ತೋರಿಸಿದೆ. ಅತ್ತೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಹುಲಿಯೂರುದುರ್ಗದ ಬೆಟ್ಟ ಬಂದರೂ ಅತ್ತ ತಿರುಗಲಿಲ್ಲ. ಗೆದ್ದೆವು ಎಂದುಕೊಂಡು ನಾನು ಮದ್ದೂರು, ಮಂಡ್ಯ, ಮೈಸೂರು ಎಲ್ಲ ದಾಟುವವರೆಗೂ ಮಾವನ ಕೈಸಿಗ್ನಲ್ಲುಗಳನ್ನು ಸಹಿಸಿಕೊಂಡೆ.

ನಂಜನಗೂಡಿನ ಸ್ನಾನಘಟ್ಟದಲ್ಲಿ ಸೋಮವಾರದ ಜನ. ಮೆಟ್ಟಿಲ ಮೇಲೆ ಬಿಟ್ಟುಹೋದ ಒದ್ದೆ ಬಟ್ಟೆಗಳು. ಅವುಗಳ ಎದುರಿಗೇ "ನದಿಯಲ್ಲಿ ಬಟ್ಟೆ ಬಿಡಬೇಡಿ" ಎಂಬ ಬೋರ್ಡು. ಅಮ್ಮ, ಅತ್ತೆ ಹೆಂಗಸರ ಕಡೆ ಮುಳುಗು ಹಾಕಿ, ಬಟ್ಟೆ ಬದಲಾಯಿಸಿ, ಒದ್ದೆ ಸೀರೆಗಳನ್ನು ಕಲ್ಲಿನ ಮೇಲೆ ಹರವಿ ಬಂದರು. ಮಾವನ ಕಾರ್ಯಕ್ರಮ ಇನ್ನೂ ಶುರುವಾಗಿರಲಿಲ್ಲ. ಅವರು ಪಂಚೆ ಎತ್ತಿ ಕಟ್ಟಿ, ಎದೆಯ ಮೇಲಿನ ಲಿಂಗವನ್ನು ಎಡಗೈಯಲ್ಲಿ ಮುಚ್ಚಿ ಹಿಡಿದು, ಬಲಗೈಯಲ್ಲಿ ಆ ಚೀಲ ಹಿಡಿದು ನೀರಿಗಿಳಿದರು. ಚೀಲ ಯಾಕೆ?

ಮುಳುಗಿದರು. ಎದ್ದರು. ಚೀಲದ ಜಿಪ್ಪು ಎಳೆದರು. ಒಳಗಿಂದ ಮಗ ತಂದುಕೊಟ್ಟಿದ್ದ ಹೊಸ ಹೆಲ್ಮೆಟ್ ತೆಗೆದು, ಎರಡು ಕೈಯಲ್ಲಿ ಸೂರ್ಯನಿಗೆ ತೋರಿಸಿ, "ತಾಯಿ ಕಪಿಲೆ! ಇವತ್ತಿಗೆ ಹೆಲ್ಮೆಟ್ ಬಿಟ್ಟೆ!" ಎಂದು ಕೂಗಿ ನಡುನೀರಿಗೆ ಎಸೆದರು.

ನಮ್ಮಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು. ನನ್ನ ಬಾಯಿಂದ ಯಾವ ದನಿಯಲ್ಲಿ ಏನು ಬಂತೋ ನೆನಪಿಲ್ಲ, ಪಕ್ಕದಲ್ಲಿ ಮಂತ್ರ ಹೇಳುತ್ತಿದ್ದವರು ನಿಲ್ಲಿಸಿ ನನ್ನನ್ನು ನೋಡಿದರು. ಸ್ಕೂಟರು ಬಿಡಿಸಲು ನೂರು ಮೈಲಿ ಕರೆತಂದರೆ ಈ ಮನುಷ್ಯ ಹೆಲ್ಮೆಟ್ ಬಿಟ್ಟು ಕೂತಿದ್ದಾರೆ! ಇನ್ನು ಬದುಕಿರುವಷ್ಟು ದಿನ ಇವರ ತಲೆಯ ಮೇಲೆ ಹೆಲ್ಮೆಟ್ ಇಡಿಸಲು ಬ್ರಹ್ಮನಿಗೂ ಸಾಧ್ಯವಿಲ್ಲ!

ಹೆಲ್ಮೆಟ್ಟಾದರೂ ಮುಳುಗಿತೆ? ಅದೂ ಇಲ್ಲ. ಬೋರಲಾಗಿ ತೇಲುತ್ತಾ, ಸುತ್ತುತ್ತಾ, ಆಮೆಯ ಹಾಗೆ ಹೊರಟಿತು. ಈಜುತ್ತಿದ್ದ ಪುಣ್ಯಾತ್ಮನೊಬ್ಬ ಅದನ್ನು ಹಿಡಿದು ತಂದು, "ಯಜಮಾನ್ರೇ, ನಿಮ್ಮ ಹೆಲ್ಮೆಟ್ ಬಿದ್ದೋಗಿತ್ತು" ಎಂದು ಕೊಟ್ಟ.

"ನಂದಲ್ಲ" ಎಂದರು ಮಾವ.

"ಈಗ ತಾನೇ ನೀವೇ..."

"ಆಗ ನಂದಾಗಿತ್ತು. ಈಗ ಅಲ್ಲ."

ಅಷ್ಟರಲ್ಲಿ ಘಟ್ಟದ ಕಾವಲುಗಾರರು ಸೀಟಿ ಊದಿಕೊಂಡು ಬಂದರು. "ಏನ್ರೀ ಅದು ಎಸ್ದಿದ್ದು? ಬೋರ್ಡ್ ಓದಾಕೆ ಬರಲ್ವಾ? ನದೀಲಿ ಏನೂ ಬಿಡಂಗಿಲ್ಲ!"

"ಬಿಡೋಕೆ ಅಂತಾನೇ ಗುಬ್ಬಿಯಿಂದ ಬಂದಿರೋದು ಸ್ವಾಮಿ! ಬಟ್ಟೆ ಬಿಡಬೇಡಿ ಅಂತ ತಾನೇ ಬರ್ದಿರೋದು? ಹೆಲ್ಮೆಟ್ ಅಂತ ಎಲ್ಲಿ ಬರ್ದಿದೀರ?"

ನಾನು ಕಾವಲುಗಾರರಿಗೆ ಕೈ ಮುಗಿದು, ಈಜುಗಾರನಿಗೂ ಕೈ ಮುಗಿದು, ಯಾರದ್ದೂ ಅಲ್ಲದ ಆ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮಾವನನ್ನು ಮೇಲೆ ಎಳೆತಂದೆ.

"ಮಾವ, ಇನ್ನೊಂದು ಮುಳುಗು ಹಾಕಿ. ಸ್ಕೂಟರನ್ನೂ ಬಿಟ್ಟುಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದು ಯಾತ್ರೆಗೆ ಒಂದೇ ಕಣೋ ಬಿಡೋದು. ಶಾಸ್ತ್ರ ಅಂದ್ರೆ ಶಾಸ್ತ್ರ." ಯಾರ ಶಾಸ್ತ್ರ? ಅವರದ್ದೇ! ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅಯ್ನೋರ ಫೋನು ಬಂದ ದಿನವೇ ನಮ್ಮ ಇಡೀ ಸಂಚು ಇವರಿಗೆ ತಿಳಿದುಹೋಗಿತ್ತೆಂದು ನನಗೆ ಆಗ ಗೊತ್ತಾಯಿತು.

ದೇವಸ್ಥಾನಕ್ಕೆ ಹೋದೆವು. ಕಾಯಿ ಮಾರುವ ಅಂಗಡಿಗಳ ಮುಂದೆ ಮಾವ ಕಾಲೂರಿ ನಿಂತರು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಕುಲುಕಿ, ಬೆರಳಿನಿಂದ ತಟ್ಟಿ, "ಇದ್ಯಾವ ಕಾಯಿ ಮಾರ್ತಿದೀರ್ರೀ? ನಮ್ಮ ಗುಬ್ಬಿ ಕಾಯಿ ನೋಡಿ, ಹಿಂಗೆ ತಟ್ಟಿದ್ರೆ ಗಂಟೆ ಹೊಡ್ದಂಗೆ ಕೇಳ್ಬೇಕು" ಎಂದು ಭಾಷಣಕ್ಕೆ ನಿಂತರು. ಜನ ಸೇರಿದರು. ಅವರೆಲ್ಲ ಮಾವನ ಕೈಗೆ ಕಾಯಿ ಕೊಟ್ಟು, ತಟ್ಟಿಸಿ, ಒಪ್ಪಿಗೆ ಪಡೆದು ಕೊಳ್ಳತೊಡಗಿದರು. ಅಂಗಡಿಯವನು ಮೊದಲು ಸಿಡುಕಿದವನು ಆಮೇಲೆ ತಾನೇ ಸ್ಟೂಲು ತಂದು ಹಾಕಿ, "ಯಜಮಾನ್ರೇ, ಶಿವರಾತ್ರಿಗೂ ಬಂದುಬಿಡಿ" ಎಂದ.

ಒಳಗೆ ಹೋಗಿ ಗುಬ್ಬಿಯ ಕಾಯಿ ಒಡೆಸಿದರೆ, ಒಳಗೆಲ್ಲ ಕೊಳೆತು ಕಪ್ಪಾಗಿತ್ತು! ವಾಸನೆಗೆ ಹಿಂದಿದ್ದವರು ಎರಡು ಹೆಜ್ಜೆ ಸರಿದರು. ನಾನು ಬಹಳ ಗೌರವದಿಂದ ಮಾವನ ಮುಖ ನೋಡಿದೆ.

"ನೋಡ್ಲಾ, ನಿನ್ನ ಡ್ರೈವಿಂಗು! ಕುಲುಕಿ ಕುಲುಕಿ ಕಾಯಿ ಕೆಡಿಸ್ಬಿಟ್ಟೆ" ಎಂದರು ಮಾವ.

ಆ ಕ್ಷಣ ನಾನು ಶ್ರೀಕಂಠೇಶ್ವರನ ಮುಂದೆ ನಿಂತು ಬೇಡಿಕೊಂಡದ್ದು ಇಷ್ಟೇ: ತಂದೆ, ವಿಷ ಕುಡಿದು ಜೀರ್ಣಿಸಿಕೊಂಡವನು ನೀನು. ಈ ಮಾವನನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ನನಗೂ ಒಂದಿಷ್ಟು ಕೊಡು.

ಪ್ರಸಾದದ ಊಟ ಮುಗಿಸಿ, ಹರವಿದ್ದ ಸೀರೆ, ಟವೆಲ್ಲು ತೆಗೆದುಕೊಳ್ಳಲು ಮತ್ತೆ ನದಿಗೆ ಬಂದೆವು. ಬಿಸಿಲು ಇಳಿಯುತ್ತಿತ್ತು. ಜನವೂ ಕರಗಿತ್ತು. ಅಮ್ಮ ಮುನಿಸಿಕೊಂಡು ಅಣ್ಣನ ಕಡೆ ನೋಡದೆ ಸೀರೆ ಮಡಿಸುತ್ತಿದ್ದರು. ಮಾವ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು, ಉಟ್ಟ ಒಣಸೀರೆಯಲ್ಲೇ ನೀರಿಗಿಳಿದರು.

"ಅತ್ತಿಗೆ! ಏನಿದು, ಮತ್ತೆ ಸ್ನಾನ?" ಎಂದರು ಅಮ್ಮ ಗಾಬರಿಯಿಂದ.

ಅತ್ತೆ ತಿರುಗಿ ಗಂಡನ ಕಡೆ ನೋಡಿದರು. "ರೀ, ಒಂದು ಯಾತ್ರೆಗೆ ಒಂದು ಅಂದ್ರಲ್ಲ. ನಿಮ್ದು ಆಯ್ತು. ನಂದು ಬಾಕಿ ಐತೆ."

ಅತ್ತೆ ಇಷ್ಟು ವರ್ಷ ಯಾವ ನದಿಯಲ್ಲೂ ಏನನ್ನೂ ಬಿಟ್ಟವರಲ್ಲ. ಮಾವ ನಕ್ಕರು. "ನೀನೇನೇ ಬಿಡ್ತೀಯ? ಕಾಫೀನಾ? ಬಾ ಮೇಲೆ, ಶೀತ ಆದಾತು."

"ಸ್ಕೂಟರ್ ಮೇಲೆ ನಿಮ್ಮ ಹಿಂದೆ ಕೂರೋದು ಬಿಟ್ಟೆ."

ಹೇಳಿ ಮುಳುಗಿದರು. ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಮುಳುಗಿದರು. ಮಾವ ಎಲೆಯನ್ನು ಬಾಯಿಯ ಹತ್ತಿರ ಹಿಡಿದವರು ಹಾಗೆಯೇ ಕೂತಿದ್ದರು.

"ಯಾರೇ ಇದನ್ನ ಹೇಳ್ಕೊಟ್ಟೋರು? ಇವ್ನಾ?" ಎಂದು ನನ್ನ ಕಡೆ ಬೆರಳು ತೋರಿಸಿದರು.

"ಯಾರೂ ಹೇಳ್ಕೊಟ್ಟಿಲ್ಲ ರೀ."

"ಹಂಗಾದ್ರೆ..." ಮಾವ ಹಿಡಿದಿದ್ದ ಎಲೆಯನ್ನು ಕೆಳಗಿಳಿಸಿದರು. "ಹಂಗಾದ್ರೆ ಇನ್ಮೇಲೆ ನೀನು ನನ್ನ ಹತ್ರ ಮಾತಾಡೋದು ಎಲ್ಲೇ?"

ನನಗೆ ತಕ್ಷಣ ತಿಳಿಯಲಿಲ್ಲ. ಅಮ್ಮನಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ, ಮಡಿಸುತ್ತಿದ್ದ ಸೀರೆ ಕೈಯಲ್ಲೇ ನಿಂತಿತು. ಮಾವ ನಮ್ಮಿಬ್ಬರನ್ನೂ ಮರೆತು ನೀರಿನ ಕಡೆಗೇ ಮಾತಾಡುತ್ತಿದ್ದರು.

"ಹಾಲ್‌ನಲ್ಲಿ ಟಿವಿ. ರೂಮಲ್ಲಿ ಮಕ್ಕಳ ಟ್ಯೂಷನ್ನು. ಅಡುಗೆಮನೇಲಿ ಮಿಕ್ಸಿ. ಜಗಲೀಗೆ ಬಂದ್ರೆ ಕಾಯಿ ವ್ಯಾಪಾರದೋರು ಕೂತವ್ರೆ. ನೀನು ಒಂದು ಮಾತು ಶುರು ಮಾಡ್ತೀಯ, ಅಷ್ಟರಲ್ಲಿ ಯಾರಾದ್ರೂ ಅಜ್ಜೀ ಅಂತಾರೆ, ಎದ್ದು ಹೋಗ್ತೀಯ. ಸಂಜೆ ತೋಟ ನೋಡ್ಕಂಡು ಬರ್ತೀವಿ ಅಂತ ಗಾಡಿ ತೆಗೆದ್ರೆ ತಾನೇ ನೀನು ಹಿಂದೆ ಕೂತು ಕಿವೀಲಿ ಎಲ್ಲ ಹೇಳೋದು? ಆ ಹಾಳು ಹೆಲ್ಮೆಟ್ ಹಾಕ್ಕಂಡ ಮೇಲೆ ನೀನು ಹೇಳಿದ್ದು ಒಂದೂ ಕೇಳ್ತಿರಲಿಲ್ಲ. ಅದುಕ್ಕೇ ಕಣೇ ಬಿಟ್ಟಿದ್ದು."

ಇನ್ನೂ ನನ್ನ ಕಂಕುಳಲ್ಲೇ ಇದ್ದ ಹೆಲ್ಮೆಟ್ಟು ಇದ್ದಕ್ಕಿದ್ದಂತೆ ಭಾರವಾಯಿತು.

ಅತ್ತೆ ಎದೆಯುದ್ದ ನೀರಿನಲ್ಲಿ ನಿಂತು, ಹಣೆಗೆ ಅಂಟಿದ ಕೂದಲು ಹಿಂದೆ ಸರಿಸಿದರು. "ಬಸ್ ಬಂದಿದ್ದು ನಂಗೆ ಕಾಣ್ತಿತ್ತು ರೀ. ಬಸ್ಸು, ಬಸ್ಸು ಅಂತ ಕೂಗಿದೆ. ಎಲ್ಲೀ ಅಂತ ಕೇಳಿದ್ರಿ ನೀವು." ಸೆರಗು ಹಿಂಡುತ್ತಾ ಹೇಳಿದರು: "ಮಾತು ಎಲ್ಲಿ ಬೇಕಾದ್ರೂ ಆಡ್ಬೋದು. ಕೇಳೋರು ಇರ್ಬೇಕು."

ಮಾವ ಎಲೆಯನ್ನು ಮಡಿಸಿ ಪಕ್ಕಕ್ಕಿಟ್ಟು, ಎದ್ದು, ನೀರಿನ ಅಂಚಿಗೆ ಇಳಿದು ಕೈ ಚಾಚಿದರು. ಅತ್ತೆ ನಿಂತಿದ್ದ ಕಡೆಗಲ್ಲ, ಒಂದು ಮಾರು ಪಕ್ಕಕ್ಕೆ. ಅತ್ತೆಯೇ ಸರಿದು ಬಂದು ಆ ಕೈ ಹಿಡಿದುಕೊಂಡರು.

"ಏನ್ಲಾ" ಎಂದು ಮಾವ ನನ್ನನ್ನು ಕರೆದರು, ತಿರುಗಿ ನೋಡದೆ. "ನಾಳೆ ಬಂದು ಆ ಗಾಡಿ ತಗಂಡೋಗು. ಕಣ್ಮುಂದೆ ಇದ್ರೆ ಕೈ ಸುಮ್ನೆ ಇರಲ್ಲ."

ಹೂಂ ಎನ್ನಬೇಕಿತ್ತು. ನನ್ನ ಗಂಟಲಲ್ಲಿ ಆಗ ಯಾರ ದನಿಯೂ ಬರಲಿಲ್ಲ, ನನ್ನದೂ ಬರಲಿಲ್ಲ. ಅಮ್ಮ ಒಣಗಿದ ಸೀರೆಯನ್ನು ಅತ್ತಿಗೆಯ ಕೈಗೆ ಕೊಟ್ಟು ಮುಖ ಆ ಕಡೆ ತಿರುಗಿಸಿಕೊಂಡರು.

ಅತ್ತೆ ಸೀರೆ ಬದಲಾಯಿಸಿ ಬಂದ ಮೇಲೆ ಇಬ್ಬರೂ ಮೆಟ್ಟಿಲು ಹತ್ತತೊಡಗಿದರು. ನಾನು, ಅಮ್ಮ ಚೀಲಗಳನ್ನು ಹೊತ್ತುಕೊಂಡು ಬೇಗ ಬೇಗ ಹತ್ತಿ ಕಾರಿಗೆ ಹೋಗಿ, ಸಾಮಾನೆಲ್ಲ ಒಳಗಿಟ್ಟು, ಬಾಗಿಲು ತೆಗೆದು ಕಾದೆವು. ಅವರು ನಿಧಾನವಾಗಿ ಬರುತ್ತಿದ್ದರು. ಮಾವ ಮುಂದೆ, ಅತ್ತೆ ಹಿಂದೆ. ಅತ್ತೆಯ ಬಲಗೈ ಮಾವನ ಹೆಗಲ ಮೇಲಿತ್ತು. "ಎಡಕ್ಕೆ ಮೆಟ್ಲು ಒಡ್ದೈತೆ", "ನಾಯಿ ಮಲಗೈತೆ, ನಿಲ್ಲಿ", "ಈಗ ಬನ್ನಿ" ಎನ್ನುವುದು ಮೊದಮೊದಲು ನಮಗೂ ಕೇಳಿಸುತ್ತಿತ್ತು. ಆಮೇಲೆ ದನಿ ತಗ್ಗಿತು. ಅತ್ತೆ ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳುತ್ತಲೇ ಇದ್ದರು. ಮಾವ ತಲೆಯಾಡಿಸುತ್ತಿದ್ದರು, ನಡುವೆ ಒಂದು ಸಲ ಜೋರಾಗಿ ನಕ್ಕರು.

ಕಾರು ಅವರ ಎದುರಿಗೇ ಇತ್ತು. ಅವರು ಅದನ್ನು ದಾಟಿ, ಹೂವಿನ ಅಂಗಡಿಗಳನ್ನೂ ದಾಟಿ, ರಸ್ತೆಯುದ್ದಕ್ಕೂ ಹಾಗೆಯೇ ಮುಂದೆ ಹೋದರು.

"ಕೂಗೋ, ಕಾರು ಇಲ್ಲೈತೆ ಅಂತ" ಎಂದರು ಅಮ್ಮ.

ನಾನು ತೆರೆದಿದ್ದ ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದೆ.